ಕೋರ್ಟಿಂದ ಪಾರ್ಲಿಮೆಂಟಿಗೆ ಎಷ್ಟು ದೂರ? ಕಾರ್ಕಳದ ಕೆ.ಎಸ್. ಹೆಗ್ಡೆಯವರನ್ನ ಮುಂದಿಟ್ಕೊಂಡು ಒಂದು ಲೆಕ್ಕ

2020ರ ಮಾರ್ಚಲ್ಲಿ, ಭಾರತದ ಮುಖ್ಯ ನ್ಯಾಯಮೂರ್ತಿ (ಸಿಜೆಐ) ಆಗಿದ್ದ ರಂಜನ್ ಗೊಗೊಯ್ ರಾಜ್ಯಸಭೆಗೆ ಹೋದಾಗ ಒಂದು ಕಡೆಯವರು ನ್ಯಾಯಾಂಗ ಮುಗೀತು ಅಂದ್ರು, ಇನ್ನೊಂದು ಕಡೆಯವರು ನಿಮ್ಮ ಕಾಲದಲ್ಲಿ ಇನ್ನೊಬ್ಬ ಮಾಜಿ ಸಿಜೆಐ ರಂಗನಾಥ ಮಿಶ್ರ ಹೋಗಿರ್ಲಿಲ್ವಾ ಅಂದ್ರು. 2024ರಲ್ಲಿ ಕಲ್ಕತ್ತಾ ಹೈಕೋರ್ಟಿನ ಜಡ್ಜ್ ಅಭಿಜಿತ್ ಗಂಗೋಪಾಧ್ಯಾಯ ರಾಜೀನಾಮೆ ಕೊಟ್ಟು ಎರಡೇ ದಿನಕ್ಕೆ ಬಿಜೆಪಿ ಸೇರಿದಾಗ್ಲೂ ಇದೇ ಜಗಳ. 2025ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಜಡ್ಜ್ ಬಿ. ಸುದರ್ಶನ್ ರೆಡ್ಡಿ ವಿರೋಧ ಪಕ್ಷಗಳ ಕಡೆಯಿಂದ ಉಪರಾಷ್ಟ್ರಪತಿ ಚುನಾವಣೆಗೆ ನಿಂತ್ರಲ್ಲ, ಆಗ ಡೈಲಾಗ್‌ಗಳೆಲ್ಲ ಅವೇ, ಹೇಳೋ ಬಾಯಿಗಳು ಮಾತ್ರ ಅದಲು ಬದಲು. ಯಾರ ಪಕ್ಷಕ್ಕೆ ಬಂದ್ರು ಅನ್ನೋದರ ಮೇಲೆ ನಮ್ಮ ನೀತಿ ನಿಂತಿದೆ, ಅದಕ್ಕೇ ಈ ಚರ್ಚೆ ಮುಂದಕ್ಕೇ ಹೋಗಲ್ಲ.

ಈ ಜಗಳದಲ್ಲಿ ಯಾರೂ ಸರಿಯಾಗಿ ನೆನಪಿಸ್ಕೊಳ್ಳದ ಒಬ್ರು ನಮ್ಮವರೇ ಇದ್ದಾರೆ, ಕೌಡೂರು ಸದಾನಂದ ಹೆಗ್ಡೆ. ಹೆಸರು ಕೇಳಿದ್ರೆ ಈಗಿನ ಹುಡುಗರಿಗೆ ಮಂಗಳೂರಿನ ದೇರಳಕಟ್ಟೆ ಆಸ್ಪತ್ರೆ, ಮೆಡಿಕಲ್ ಕಾಲೇಜು, ನಿಟ್ಟೆ ಸಂಸ್ಥೆ ನೆನಪಾಗುತ್ತೆ, ಸ್ವಲ್ಪ ದೊಡ್ಡವರಿಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ತಂದೆ ಅಂತ ನೆನಪಾಗುತ್ತೆ. ಆದ್ರೆ ಆ ಮನುಷ್ಯನ ಕರಿಯರ್ ನೋಡಿ: ವಕೀಲ, ಸರ್ಕಾರಿ ವಕೀಲ, ಕಾಂಗ್ರೆಸ್ ಎಂಪಿ, ಹೈಕೋರ್ಟ್ ಜಡ್ಜ್, ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಸುಪ್ರೀಂ ಕೋರ್ಟ್ ಜಡ್ಜ್, ಜನತಾ ಪಕ್ಷದ ಎಂಪಿ, ಲೋಕಸಭೆ ಸ್ಪೀಕರ್, ಕೊನೆಗೆ ಬಿಜೆಪಿಯ ಉಪಾಧ್ಯಕ್ಷರಲ್ಲಿ ಒಬ್ರು. ಈಗಿನ ಟಿವಿ ಚಾನೆಲ್ ಕೈಗೆ ಸಿಕ್ಕಿದ್ರೆ ಒಂದು ವಾರ ಬಿಡ್ತಿರ್ಲಿಲ್ಲ. ನ್ಯಾಯಾಂಗ ಮತ್ತು ರಾಜಕೀಯದ ನಡುವಿನ ಬಾಗಿಲನ್ನ ಅವರು ಎರಡು ಸಲ ದಾಟಿದ್ದಾರೆ, ಒಮ್ಮೆ ಒಳಗೆ, ಒಮ್ಮೆ ಹೊರಗೆ. ಆದ್ರೂ ಜಡ್ಜ್ ಆಗಿ ಅವರ ಹೆಸರು ಕೆಟ್ಟಿಲ್ಲ. ಯಾಕೆ ಅನ್ನೋದನ್ನ ಬಿಡಿಸಿ ನೋಡಿದ್ರೆ ಈಗಿನ ಗಲಾಟೆ ಅರ್ಧ ಅರ್ಥ ಆಗುತ್ತೆ ಅಂತ ನನ್ನ ಲೆಕ್ಕ.

1909ರ ಜೂನಲ್ಲಿ ಕಾರ್ಕಳ ತಾಲೂಕಿನ ಕೌಡೂರಲ್ಲಿ ಹುಟ್ಟಿದ್ದು. ಆಗ ಅದೆಲ್ಲ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆ. ಮಂಗಳೂರಿನ ಸೇಂಟ್ ಅಲೋಶಿಯಸ್, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲೇ ಲಾ ಕಾಲೇಜು. 1930ರ ದಶಕದಲ್ಲಿ ವಕೀಲಿಕೆ ಶುರು, ಸ್ವಾತಂತ್ರ್ಯ ಬಂದ ಹೊತ್ತಿಗೆ ಸರ್ಕಾರಿ ವಕೀಲರು ಮತ್ತು ಪಬ್ಲಿಕ್ ಪ್ರಾಸಿಕ್ಯೂಟರ್. 1952ರಲ್ಲಿ ರಾಜ್ಯಸಭೆ ಮೊದಲ ಸಲ ಸೇರಿದಾಗ್ಲೇ ಕಾಂಗ್ರೆಸ್‌ನಿಂದ ಮೆಂಬರ್. ಐದು ವರ್ಷ ಅಲ್ಲಿದ್ದು 1957ರಲ್ಲಿ ಆ ಸೀಟು ಬಿಟ್ಟು ಮೈಸೂರು ಹೈಕೋರ್ಟಿಗೆ ಜಡ್ಜ್ ಆಗಿ ಬಂದ್ರು.

ಇಲ್ಲಿ ಸ್ವಲ್ಪ ನಿಲ್ಲೋಣ. ಆಳೋ ಪಕ್ಷದ ಎಂಪಿ, ಅದೂ ಎಲ್ಲೋ ಹಿಂದೆ ಎಂಪಿ ಆಗಿದ್ದವರಲ್ಲ, ಅದೇ ಸೀಟು ಬಿಟ್ಟು ನೇರ ಹೈಕೋರ್ಟ್ ಬೆಂಚಿಗೆ. ಇವತ್ತು ಯಾವುದೇ ಸರ್ಕಾರ ಇಂಥ ನೇಮಕ ಮಾಡಿದ್ರೆ ಸುಮ್ಮನಿರ್ತೀವಾ? ಖಂಡಿತ ಇರಲ್ಲ, ಇರಬಾರದು ಕೂಡ. ಆದ್ರೆ ಸಂವಿಧಾನದಲ್ಲಿ ಅದಕ್ಕೆ ಅಡ್ಡಿ ಇಲ್ಲ, ಹತ್ತು ವರ್ಷ ಹೈಕೋರ್ಟ್ ಅಡ್ವೊಕೇಟ್ ಆಗಿದ್ರೆ ಸಾಕು, ಪಾರ್ಟಿ ಮೆಂಬರ್‌ಶಿಪ್ ಬಗ್ಗೆ ಒಂದು ಅಕ್ಷರ ಇಲ್ಲ. ವಿ.ಆರ್. ಕೃಷ್ಣ ಅಯ್ಯರ್ 1957ರ ಕೇರಳ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿ ಆಗಿದ್ದವರು, 1968ರಲ್ಲಿ ಹೈಕೋರ್ಟ್ ಜಡ್ಜ್, 1973ರಲ್ಲಿ ಸುಪ್ರೀಂ ಕೋರ್ಟ್. ಇಬ್ರ ತೀರ್ಪು ಓದಿದವರಿಗೆ ಗೊತ್ತು, ಹಳೇ ಪಕ್ಷದ ಋಣ ತೀರಿಸ್ತಾ ಕೂತವರಲ್ಲ. ಹೆಗ್ಡೆಯವರಂತೂ ತಮ್ಮನ್ನ ಎಂಪಿ ಮಾಡಿದ ಕಾಂಗ್ರೆಸ್ಸಿನ ಸರ್ಕಾರದ ವಿರುದ್ಧವೇ ಮೇಲಿಂದ ಮೇಲೆ ಬರೆದ್ರು. ಅಂದ್ರೆ ರಾಜಕೀಯದಿಂದ ಕೋರ್ಟಿಗೆ ಬರೋದ್ರಲ್ಲಿ ಇರೋ ಅಪಾಯ ನಾವು ಅಂದ್ಕೊಂಡಷ್ಟು ದೊಡ್ಡದಲ್ಲವೇನೋ, ಯಾಕಂದ್ರೆ ಒಳಗೆ ಬಂದವರಿಗೆ ಬೇಕಾದ್ದು ಆಗ್ಲೇ ಸಿಕ್ಕಾಗಿದೆ, ಕೆಲಸದ ಭದ್ರತೆ ಇದೆ, ಸುಮ್ಮನೆ ತೆಗೆಯೋಕೆ ಯಾರಿಗೂ ಆಗಲ್ಲ. ಸಮಸ್ಯೆ ಇರೋದು ಹೊರಗೆ ಹೋಗೋ ಬಾಗಿಲಲ್ಲಿ. ಅಲ್ಲಿ ಇನ್ನೂ ಸಿಗಬೇಕಾದ್ದು ಏನೋ ಇರುತ್ತೆ, ಅದನ್ನ ಕೊಡೋರ ಕೇಸು ಅದೇ ಹೊತ್ತಿಗೆ ಟೇಬಲ್ ಮೇಲಿರುತ್ತೆ.

ಇದನ್ನ ಅಳೆಯೋಕೆ ಒಂದು ಅಳತೆಗೋಲು ಬೇಕಲ್ಲ, ಅದನ್ನೂ ಹೆಗ್ಡೆಯವರೇ ಕೊಟ್ಟು ಹೋಗಿದ್ದಾರೆ. 1969ರ ಎ.ಕೆ. ಕ್ರೈಪಾಕ್ ಕೇಸು, ಲಾ ಓದೋ ಹುಡುಗರು ಪರೀಕ್ಷೆಗೆ ಉರು ಹೊಡೆಯೋ ಕೇಸು ಅದು, ಐದು ಜಡ್ಜ್‌ಗಳ ಪೀಠ, ತೀರ್ಪು ಬರೆದಿದ್ದು ಹೆಗ್ಡೆ. ವಿಷಯ ಸಿಂಪಲ್. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನ ಆರಿಸೋಕೆ ಒಂದು ಆಯ್ಕೆ ಮಂಡಳಿ ಮಾಡಿದ್ರು, ಆ ಮಂಡಳೀಲಿ ಅಲ್ಲಿನ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಹುದ್ದೆಯ ಬಲದಿಂದ ಮೆಂಬರ್, ಅದೇ ಆಯ್ಕೆಗೆ ಅವರೂ ಅಭ್ಯರ್ಥಿ! ತನ್ನ ಹೆಸರು ಬಂದಾಗ ಎದ್ದು ಹೊರಗೆ ಹೋದ್ರು, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೇ ಕೂತಿದ್ರು. ಲಿಸ್ಟ್ ಬಂದಾಗ ಮೊದಲ ಹೆಸರೇ ಅವರದ್ದು. ಕೋರ್ಟ್ ಇಡೀ ಆಯ್ಕೆಯನ್ನೇ ರದ್ದು ಮಾಡ್ತು. ಹೆಗ್ಡೆ ಅಲ್ಲಿ ಹೇಳಿದ್ದು ಏನಂದ್ರೆ, ಆ ಮನುಷ್ಯ ನಿಜವಾಗ್ಲೂ ಪಕ್ಷಪಾತ ಮಾಡಿದ್ನಾ ಇಲ್ವಾ ಅನ್ನೋದು ಪ್ರಶ್ನೆಯೇ ಅಲ್ಲ, ಒಬ್ಬನ ಮನಸ್ಸಲ್ಲಿ ಏನಿತ್ತು ಅಂತ ಸಾಬೀತು ಮಾಡೋದು ಕಷ್ಟ, ಹಾಗಾಗಿ ನಾವು ನೋಡಬೇಕಾದ್ದು ಪಕ್ಷಪಾತ ಆಗೋ ಸಾಧ್ಯತೆ ಇತ್ತು ಅಂತ ನಂಬೋಕೆ ಸಕಾರಣ ಇದೆಯಾ ಅಂತ. ಅಷ್ಟು ಇದ್ರೆ ಸಾಕು.

ಈ ಮಾತನ್ನ ಜಡ್ಜ್‌ಗಳ ರಿಟೈರ್‌ಮೆಂಟ್ ನಂತರದ ಹುದ್ದೆಗಳ ಮೇಲೆ ಇಟ್ಟು ನೋಡಿ. ಗೊಗೊಯ್ ಅವರ ಮನಸ್ಸಲ್ಲಿ ಏನಿತ್ತು ಅಂತ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಟಿವಿಯಲ್ಲಿ ಕೂಗೋರಿಗೆ ಮೊದಲೇ ಗೊತ್ತಿಲ್ಲ. ಆದ್ರೆ ಅದು ಗೊತ್ತಾಗಬೇಕಾದ ಅಗತ್ಯವೇ ಇಲ್ಲ ಅಂತ ಸುಪ್ರೀಂ ಕೋರ್ಟೇ 1969ರಲ್ಲಿ ಹೇಳಿಬಿಟ್ಟಿದೆ. ಒಬ್ಬ ಅರಣ್ಯಾಧಿಕಾರಿಗೆ ಅನ್ವಯಿಸೋ ಮಾತು ಸಿಜೆಐಗೆ ಯಾಕೆ ಅನ್ವಯಿಸಲ್ಲ?

ಹೆಗ್ಡೆ ಕತೆಗೆ ವಾಪಸ್ ಬರ್ತೀನಿ. 1966ರಲ್ಲಿ ದೆಹಲಿ ಹೈಕೋರ್ಟ್ ಹೊಸದಾಗಿ ಶುರುವಾದಾಗ ಮೊದಲ ಮುಖ್ಯ ನ್ಯಾಯಮೂರ್ತಿ, ವರ್ಷ ತುಂಬೋ ಮೊದಲೇ 1967ರ ಜುಲೈಯಲ್ಲಿ ಸುಪ್ರೀಂ ಕೋರ್ಟ್. ಆ ಕಾಲ ಹೇಗಿತ್ತು ಅಂದ್ರೆ ಇಂದಿರಾ ಗಾಂಧಿ ಸರ್ಕಾರಕ್ಕೂ ಕೋರ್ಟಿಗೂ ದಿನಾ ಜಟಾಪಟಿ. 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕೇಸು, ಹನ್ನೊಂದು ಜಡ್ಜ್‌ಗಳಲ್ಲಿ ಹತ್ತು ಜನ ಸರ್ಕಾರದ ವಿರುದ್ಧ, ಹೆಗ್ಡೆ ಆ ಹತ್ತರಲ್ಲಿ ಒಬ್ರು, ಒಬ್ಬರೇ ಭಿನ್ನಮತ ಬರೆದಿದ್ದು ಎ.ಎನ್. ರೇ. ಅದೇ ವರ್ಷ, ಹಳೇ ರಾಜರಿಗೆ ಸರ್ಕಾರ ಕೊಡ್ತಿದ್ದ ರಾಜಧನದ ರದ್ದತಿ ಕೇಸಲ್ಲೂ ಸರ್ಕಾರಕ್ಕೆ ಸೋಲು, ಅಲ್ಲೂ ಹೆಗ್ಡೆ ಬಹುಮತದಲ್ಲಿ, ರೇ ಭಿನ್ನಮತದಲ್ಲಿ. 1972ರಲ್ಲಿ ರಾಯ್‌ಬರೇಲಿ ಚುನಾವಣೆ ಕೇಸಿನ ಒಂದು ಮಧ್ಯಂತರ ವಿಷಯ ಸುಪ್ರೀಂ ಕೋರ್ಟಿಗೆ ಬಂದಾಗ ಹೆಗ್ಡೆ ಇದ್ದ ಪೀಠ, ಅಲ್ಲಿ ಇಂದಿರಾ ಎದುರು ಸೋತು ಕೇಸು ಹಾಕಿದ್ದ ರಾಜ್ ನಾರಾಯಣ್ ಕಡೆ ವಾಲಿತು, ಮುಂದೆ 1975ರಲ್ಲಿ ಅಲಹಾಬಾದಲ್ಲಿ ಇಂದಿರಾ ಅವರ ಆಯ್ಕೆ ಅಸಿಂಧು ಆಗಿದ್ದು ಇದೇ ಕೇಸಲ್ಲಿ.

ಆಮೇಲೆ ಕೇಶವಾನಂದ ಭಾರತಿ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯ ಕೇಸು, ಹದಿಮೂರು ಜಡ್ಜ್‌ಗಳು, 68 ದಿನ ವಾದ. 1973ರ ಏಪ್ರಿಲ್ 24ಕ್ಕೆ ತೀರ್ಪು, 7-6ರಲ್ಲಿ ಸಂವಿಧಾನದ ಮೂಲ ರಚನೆಯನ್ನ ಪಾರ್ಲಿಮೆಂಟ್ ಮುಟ್ಟೋ ಹಾಗಿಲ್ಲ ಅಂತಾಯ್ತು. ಹೆಗ್ಡೆ ಮತ್ತು ಮುಖರ್ಜಿಯಾ ಇಬ್ರೂ ಸೇರಿ ಬರೆದ ತೀರ್ಪು ಆ ಏಳರಲ್ಲಿ ಸೇರಿದೆ. ಮಾರನೇ ದಿನವೇ ಸರ್ಕಾರ ರೇ ಅವರನ್ನ ಸಿಜೆಐ ಅಂತ ಘೋಷಿಸ್ತು. ಅವರಿಗಿಂತ ಸೀನಿಯರ್ ಆಗಿದ್ದ ಶೆಲಾಟ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ. ಮೂವರೂ ರಾಜೀನಾಮೆ ಕೊಟ್ಟು ಹೊರಟ್ರು. ಹಾಗೆ ದಾಟದೇ ಇದ್ದಿದ್ರೆ ಶೆಲಾಟ್ ಅದೇ ಜುಲೈಗೆ ರಿಟೈರ್ ಆಗ್ತಿದ್ರು, ಆಮೇಲೆ 1974ರ ಜೂನ್‌ವರೆಗೆ, ಹೆಚ್ಚುಕಮ್ಮಿ ಹನ್ನೊಂದು ತಿಂಗಳು, ಹೆಗ್ಡೆಯವರೇ ಭಾರತದ ಮುಖ್ಯ ನ್ಯಾಯಮೂರ್ತಿ.

ಆಗ ಲೋಕಸಭೇಲಿ ಇದನ್ನ ಸಮರ್ಥಿಸಿದ್ದು ಮೋಹನ್ ಕುಮಾರಮಂಗಲಂ, ಉಕ್ಕು ಮಂತ್ರಿ, ಆದ್ರೂ ಮಾತಾಡಿದ್ದು ಜಡ್ಜ್‌ಗಳ ಬಗ್ಗೆ. ಮುಖ್ಯ ನ್ಯಾಯಮೂರ್ತಿ ಮಾಡೋವಾಗ ಅವರ ವಿಚಾರಧಾರೆಯನ್ನೂ ನೋಡಬೇಕು ಅನ್ನೋದು ಅವರ ವಾದದ ಸಾರ. ಕಾನೂನು ಮಂತ್ರಿ ಯಾರಿದ್ರು ಗೊತ್ತಾ? ಎಚ್.ಆರ್. ಗೋಖಲೆ, ಒಂದು ಕಾಲದಲ್ಲಿ ಬಾಂಬೆ ಹೈಕೋರ್ಟಿನ ಜಡ್ಜ್, ಅದನ್ನ ಬಿಟ್ಟು ವಕೀಲಿಕೆಗೆ ಮರಳಿ, ಆಮೇಲೆ 1971ರಲ್ಲಿ ಕಾಂಗ್ರೆಸ್ ಎಂಪಿ. ವಕೀಲ-ಜಡ್ಜ್-ಎಂಪಿ ಆದ ಒಬ್ರು ಕಾನೂನು ಮಂತ್ರಿ ಆಗಿದ್ದಾಗ, ವಕೀಲ-ಎಂಪಿ-ಜಡ್ಜ್ ಆದ ಇನ್ನೊಬ್ರು ಮನೆಗೆ ಹೋದ್ರು. ಇದನ್ನ ನೋಡಿದ್ಮೇಲೆ ಜಡ್ಜ್ ರಾಜಕೀಯಕ್ಕೆ ಬಂದ್ರೆ ಕೋರ್ಟಿಗೆ ಒಳ್ಳೇದಾಗುತ್ತೆ, ಒಳಗಿನ ಕಷ್ಟ ಗೊತ್ತಿರುತ್ತೆ ಅನ್ನೋ ವಾದವನ್ನ ನಾನು ಸೀರಿಯಸ್ ಆಗಿ ತಗೊಳ್ಳಲ್ಲ.

ಎಮರ್ಜೆನ್ಸಿ ಮುಗಿದು 1977ರ ಚುನಾವಣೆ. ಇಡೀ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಕೊಂಡು ಹೋದ್ರೂ ಕರ್ನಾಟಕದಲ್ಲಿ 28ರಲ್ಲಿ 26 ಗೆದ್ದಿತ್ತು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಅಲ್ಲಿ ಗೆದ್ದಿದ್ದು ಹೆಗ್ಡೆ. ಇದನ್ನ ಎರಡು ಸಲ ಓದಿ: ಅವರಿಗೆ ಸಿಕ್ಕಿದ್ದು ಸುಲಭದ ಸೀಟಲ್ಲ, ಅಲೆ ಅವರ ಕಡೆ ಇರ್ಲಿಲ್ಲ, ಟಿಕೆಟ್ ಕೊಟ್ಟ ಪಕ್ಷ ಅವರು ಜಡ್ಜ್ ಆಗಿದ್ದಾಗ ಅಧಿಕಾರದಲ್ಲಿ ಇರ್ಲಿಲ್ಲ, ಅಷ್ಟೇ ಯಾಕೆ, ಆ ಪಕ್ಷ ಆಗ ಹುಟ್ಟೇ ಇರ್ಲಿಲ್ಲ. ಬೆಂಚು ಬಿಟ್ಟು ಹತ್ತಿರ ಹತ್ತಿರ ನಾಲ್ಕು ವರ್ಷ ಆಗಿತ್ತು. ಹುದ್ದೆ ಕೊಟ್ಟಿದ್ದು ಬಸವನಗುಡಿ, ಜಯನಗರದ ಕಡೆಯ ಮತದಾರರು. ಕ್ರೈಪಾಕ್ ಅಳತೆಗೋಲು ಇಟ್ರೆ ಈ ಒಂದು ವಿಷಯದಲ್ಲಿ ಅವರು ಸಲೀಸಾಗಿ ಪಾಸ್. 1973ರ ತೀರ್ಪು ಬರೆಯುವಾಗ 1977ರ ಸೀಟನ್ನ ಕನಸಲ್ಲೂ ಕಾಣೋಕೆ ಸಾಧ್ಯ ಇರ್ಲಿಲ್ಲ.

ಆದ್ರೆ ಮುಂದಿನ ವಿಷಯದಲ್ಲಿ ಅಷ್ಟು ಸಲೀಸಲ್ಲ, ಅದನ್ನೂ ಹೇಳ್ಬೇಕು. ಸ್ಪೀಕರ್ ಆಗಿದ್ದ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿ ಆಗೋಕೆ ಅಂತ ಆ ಹುದ್ದೆ ಬಿಟ್ಮೇಲೆ 1977ರ ಜುಲೈಯಲ್ಲಿ ಹೆಗ್ಡೆ ಸ್ಪೀಕರ್. 1978ರ ನವೆಂಬರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರು ಉಪಚುನಾವಣೆ ಗೆದ್ದು ಅದೇ ಸದನಕ್ಕೆ ಬಂದ್ರು. ಒಂದು ತಿಂಗಳೊಳಗೆ, ಡಿಸೆಂಬರ್ 19ಕ್ಕೆ, ಮಗ ಸಂಜಯ್ ಅವರ ಮಾರುತಿ ಕಂಪನಿ ಬಗ್ಗೆ ಮಾಹಿತಿ ಸಂಗ್ರಹಿಸ್ತಿದ್ದ ಅಧಿಕಾರಿಗಳಿಗೆ ತೊಂದರೆ ಕೊಟ್ರು ಅನ್ನೋ ಹಕ್ಕುಚ್ಯುತಿ ವಿಷಯದಲ್ಲಿ ಸದನ ಅವರನ್ನ ಉಚ್ಚಾಟನೆ ಮಾಡಿ ಅಧಿವೇಶನ ಮುಗಿಯೋವರೆಗೂ ಜೈಲಿಗೆ ಕಳಿಸ್ತು, ತಿಹಾರ್‌ಗೆ. ಪೀಠದ ಮೇಲೆ ಕೂತಿದ್ದವರು ಯಾರು? ಐದು ವರ್ಷದ ಹಿಂದೆ ಆಕೆಯ ಸರ್ಕಾರವೇ ಸಿಜೆಐ ಮಾಡದೇ ಬಿಟ್ಟಿದ್ದ ಜಡ್ಜ್. ಸ್ಪೀಕರ್ ಸಮ ಮತ ಬಂದ್ರೆ ಬಿಟ್ಟು ಓಟ್ ಹಾಕಲ್ಲ, ನಿರ್ಧಾರ ಮಾಡಿದ್ದು ಸದನ, ವಿಚಾರಣೆ ಮಾಡಿದ್ದು ಹಕ್ಕುಬಾಧ್ಯತಾ ಸಮಿತಿ, ಎಲ್ಲಾ ನಿಜ. ಆದ್ರೆ ಅವರದೇ ತೀರ್ಪಿನ ಪ್ರಕಾರ ಪ್ರಶ್ನೆ ಅವರು ಪಕ್ಷಪಾತ ಮಾಡಿದ್ರಾ ಅನ್ನೋದಲ್ಲ, ಮಾಡಿರಬಹುದು ಅಂತ ಅನುಮಾನ ಪಡೋಕೆ ಜಾಗ ಇತ್ತಾ ಅನ್ನೋದು. ಇತ್ತು ಅಂತಾನೇ ನಾನು ಹೇಳ್ತೀನಿ. ಆ ಒಂದು ದಿನದ ಮಟ್ಟಿಗೆ ಪೀಠವನ್ನ ಡೆಪ್ಯುಟಿ ಸ್ಪೀಕರ್‌ಗೆ ಬಿಟ್ಟಿದ್ರೆ ಚೆನ್ನಾಗಿರ್ತಿತ್ತು. ಮುಂದೆ 1981ರಲ್ಲಿ, ಕಾಂಗ್ರೆಸ್ ಬಹುಮತ ಇದ್ದ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡ್ತು.

ಅದೇ ಸದನ 1978ರಲ್ಲಿ 44ನೇ ತಿದ್ದುಪಡಿಯನ್ನೂ ಪಾಸ್ ಮಾಡಿದ್ದು, ಎಮರ್ಜೆನ್ಸಿಯಲ್ಲಿ ಕೆಟ್ಟಿದ್ದು ಎಷ್ಟೋ ಸರಿಯಾಯ್ತು, ಜೊತೆಗೆ ಆಸ್ತಿ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಗೆ ಹೋಯ್ತು. ಬ್ಯಾಂಕ್ ಕೇಸಲ್ಲಿ, ಸರ್ಕಾರ ಆಸ್ತಿ ತಗೊಂಡ್ರೆ ಸರಿಯಾದ ಪರಿಹಾರ ಕೊಡ್ಬೇಕು ಅನ್ನೋ ಹಕ್ಕಿನ ಪರ ನಿಂತಿದ್ದ ಜಡ್ಜ್, ಆ ಹಕ್ಕು ಹೋಗೋವಾಗ ಸ್ಪೀಕರ್!

ಈಗ ಇವರ ಪಕ್ಕ ಇನ್ನೊಬ್ಬರನ್ನ ನಿಲ್ಲಿಸ್ಬೇಕು, ಅಸ್ಸಾಂನ ಬಹರುಲ್ ಇಸ್ಲಾಂ. ಮೇಲಿಂದ ನೋಡಿದ್ರೆ ಇಬ್ರ ಕತೆಯೂ ಒಂದೇ. ಅವರೂ ವಕೀಲರು, ಅವರೂ 1962ರಿಂದ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು, ಅವರೂ 1972ರಲ್ಲಿ ಆ ಸೀಟು ಬಿಟ್ಟು ಗುವಾಹಟಿಯಲ್ಲಿ ಹೈಕೋರ್ಟ್ ಜಡ್ಜ್ ಆದ್ರು, ಅಲ್ಲೇ ಮುಖ್ಯ ನ್ಯಾಯಮೂರ್ತಿಯೂ ಆಗಿ 1980ರಲ್ಲಿ ರಿಟೈರ್. ವಿಚಿತ್ರ ಆಮೇಲಿಂದು. ರಿಟೈರ್ ಆದ ಹೈಕೋರ್ಟ್ ಜಡ್ಜನ್ನ ಅದೇ ವರ್ಷದ ಡಿಸೆಂಬರಲ್ಲಿ ಕರೆದು ಸುಪ್ರೀಂ ಕೋರ್ಟ್ ಜಡ್ಜ್ ಮಾಡಿದ್ರು, ಅಷ್ಟೊತ್ತಿಗೆ ಇಂದಿರಾ ಮತ್ತೆ ಅಧಿಕಾರಕ್ಕೆ ಬಂದಾಗಿತ್ತು. 1982ರ ಡಿಸೆಂಬರಲ್ಲಿ ಬಿಹಾರದ ಕಾಂಗ್ರೆಸ್ ಮುಖ್ಯಮಂತ್ರಿ ಜಗನ್ನಾಥ ಮಿಶ್ರ ಮೇಲಿದ್ದ ಕೇಸು ವಾಪಸ್ ತಗೊಳ್ಳೋದನ್ನ ಒಪ್ಪಿದ 2-1 ತೀರ್ಪಲ್ಲಿ ಇಸ್ಲಾಂ ಬಹುಮತದ ಕಡೆ. ಮುಂದಿನ ತಿಂಗಳು, 1983ರ ಜನವರಿಯಲ್ಲಿ, ರಿಟೈರ್‌ಮೆಂಟಿಗೆ ಇನ್ನೂ ಕೆಲವು ವಾರ ಇರುವಾಗ್ಲೇ ರಾಜೀನಾಮೆ, ಬಾರ್ಪೇಟಾದಿಂದ ಕಾಂಗ್ರೆಸ್ ಅಭ್ಯರ್ಥಿ. ಅಸ್ಸಾಂ ಗಲಾಟೇಲಿ ಅಲ್ಲಿ ಚುನಾವಣೆ ಆಗ್ಲಿಲ್ಲ. ಅದೇ ವರ್ಷ ರಾಜ್ಯಸಭೆಗೆ ಕಳಿಸಿದ್ರು.

ಅದೇ ಮೆಟ್ಟಿಲು, ಅದೇ ಕ್ರಮ. ಆದ್ರೆ ಒಬ್ಬರ ಬಗ್ಗೆ ಗೌರವ, ಇನ್ನೊಬ್ಬರ ಹೆಸರು ಇವತ್ತಿಗೂ ಬೈಯೋಕೆ ಉದಾಹರಣೆ. ವ್ಯತ್ಯಾಸ ಎರಡೇ ವಿಷಯದ್ದು: ಬೆಂಚಿಗೂ ಸೀಟಿಗೂ ನಡುವೆ ಎಷ್ಟು ದಿನ ಕಳೀತು, ಸೀಟು ಕೊಟ್ಟವರು ಯಾರು. ಮಿಕ್ಕಿದ್ದೆಲ್ಲ ಮಾತು. ಈ ಎರಡನ್ನ ಹಿಡ್ಕೊಂಡು ಉಳಿದವರನ್ನ ನೋಡ್ಬಹುದು. ರಂಗನಾಥ ಮಿಶ್ರ 1991ರಲ್ಲಿ ಸಿಜೆಐ ಆಗಿ ರಿಟೈರ್, 1998ರಲ್ಲಿ ಕಾಂಗ್ರೆಸ್‌ನಿಂದ ರಾಜ್ಯಸಭೆ, ಅಂತರ ಏಳು ವರ್ಷ, ಆದ್ರೆ ನಡುವೆ ಮಾನವ ಹಕ್ಕು ಆಯೋಗದ ಮೊದಲ ಅಧ್ಯಕ್ಷಗಿರಿ ಇದೆ, ಅದೂ ಸರ್ಕಾರದ ಕಡೆಯಿಂದ ಬಂದ ಹುದ್ದೆಯೇ. ನಮ್ಮ ರಾಜ್ಯದ ಎಂ. ರಾಮಾ ಜೋಯಿಸ್, ಎಮರ್ಜೆನ್ಸಿಯಲ್ಲಿ ಜೈಲು ಕಂಡ ವಕೀಲರು, ಕರ್ನಾಟಕ ಹೈಕೋರ್ಟಿನ ಜಡ್ಜ್, 1992ರಲ್ಲಿ ಪಂಜಾಬ್-ಹರಿಯಾಣ ಮುಖ್ಯ ನ್ಯಾಯಮೂರ್ತಿ, ಆಮೇಲೆ ಹತ್ತು ವರ್ಷಕ್ಕೆ ಜಾರ್ಖಂಡ್, ಬಿಹಾರದ ರಾಜ್ಯಪಾಲರು, 2008ರಿಂದ ಬಿಜೆಪಿಯ ರಾಜ್ಯಸಭಾ ಸದಸ್ಯರು. ಅವರ ವಿಚಾರ ಒಪ್ಪದವರೂ ತೀರ್ಪು ಮಾರ್ಕೊಂಡ್ರು ಅಂತ ಹೇಳೋಕಾಗಲ್ಲ, ಹತ್ತು ವರ್ಷ ಮೊದಲೇ ಯಾರು ಅಡ್ವಾನ್ಸ್ ಕೊಡ್ತಾರೆ? ಸುದರ್ಶನ್ ರೆಡ್ಡಿ 2011ರಲ್ಲಿ ರಿಟೈರ್, 2025ರಲ್ಲಿ ಅಭ್ಯರ್ಥಿ, 452-300ರಲ್ಲಿ ಸೋತ್ರು. ಛತ್ತೀಸ್‌ಗಢದಲ್ಲಿ ನಕ್ಸಲರ ವಿರುದ್ಧ ಕಟ್ಟಿದ್ದ ಸಲ್ವಾ ಜುಡುಂ ಪಡೆಯ ವಿರುದ್ಧ ಅವರು ಕೊಟ್ಟ ತೀರ್ಪನ್ನ ಬೇಕಾದ್ರೆ ಟೀಕಿಸಿ, ಆದ್ರೆ ಹದಿನಾಲ್ಕು ವರ್ಷ ಆದ್ಮೇಲೆ ಸೋಲೋ ಚುನಾವಣೆಗೆ ನಿಲ್ಲೋದಕ್ಕಾಗಿ ಬರೆದ ತೀರ್ಪು ಅದು ಅಂತ ಯಾರಾದ್ರೂ ಅಂದ್ರೆ ನಗು ಬರುತ್ತೆ.

ಗೊಗೊಯ್ ವಿಷಯ ಬೇರೆ. 2019ರ ನವೆಂಬರ್ 9ಕ್ಕೆ ಅಯೋಧ್ಯೆ, 14ಕ್ಕೆ ರಫೇಲ್ ಯುದ್ಧವಿಮಾನ ಖರೀದಿ ಕೇಸಿನ ಮರುಪರಿಶೀಲನೆ, 17ಕ್ಕೆ ರಿಟೈರ್, 2020ರ ಮಾರ್ಚ್ 16ಕ್ಕೆ ನಾಮನಿರ್ದೇಶನ. ನಾಲ್ಕು ತಿಂಗಳು. ಚುನಾವಣೆಯೂ ಅಲ್ಲ, ಕೇಂದ್ರ ಸರ್ಕಾರದ ಸಲಹೆ ಮೇಲೆ ರಾಷ್ಟ್ರಪತಿ ಸಹಿ. ಸಂವಿಧಾನದ 80ನೇ ವಿಧಿಯಲ್ಲಿ ನಾಮನಿರ್ದೇಶನಕ್ಕೆ ಹೇಳಿರೋದು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ, ಕಾನೂನು ಅಲ್ಲಿ ಇಲ್ಲ, ಸಮಾಜಸೇವೆ ಅನ್ನೋ ಚೀಲದೊಳಗೆ ಏನು ಬೇಕಾದ್ರೂ ತುಂಬಬಹುದು ಅಂತಿದ್ರೆ ಅದು ಬೇರೆ. ತಮಾಷೆ ಅಂದ್ರೆ 2019ರ ಮಾರ್ಚಲ್ಲಿ ಟ್ರಿಬ್ಯುನಲ್‌ಗಳ (ನ್ಯಾಯಮಂಡಳಿಗಳ) ಕೇಸಿನ ವಿಚಾರಣೆ ನಡೀತಿದ್ದಾಗ, ನಿವೃತ್ತಿ ನಂತರದ ನೇಮಕಗಳೇ ನ್ಯಾಯಾಂಗದ ಸ್ವಾತಂತ್ರ್ಯದ ಮೇಲೆ ಒಂದು ಗಾಯದ ಗುರುತು ಅನ್ನೋ ಅಭಿಪ್ರಾಯ ಇದೆಯಲ್ಲ ಅಂತ ಎತ್ತಿದವರೇ ಈ ಗೊಗೊಯ್. ಅದೇ ಥರ ಬಿಜೆಪಿಯ ಅರುಣ್ ಜೇಟ್ಲಿ 2012ರಲ್ಲಿ, ರಿಟೈರ್ ಆದ್ಮೇಲೆ ಸಿಗೋ ಕೆಲಸದ ಆಸೆ ರಿಟೈರ್ ಆಗೋ ಮೊದಲಿನ ತೀರ್ಪುಗಳ ಮೇಲೆ ಪರಿಣಾಮ ಬೀರುತ್ತೆ ಅಂತ ಹೇಳಿದ್ರು, ಎರಡು ವರ್ಷ ಸುಮ್ಮನೆ ಇರಬೇಕು ಅಂತ ನಿತಿನ್ ಗಡ್ಕರಿ ಕೂಡ ಅಂದಿದ್ರು. ಆಗ ಅವರು ವಿರೋಧ ಪಕ್ಷ.

ಗಂಗೋಪಾಧ್ಯಾಯ ಕೇಸು ನಂಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು. 2024ರ ಮಾರ್ಚ್ 5ಕ್ಕೆ ರಾಜೀನಾಮೆ, 7ಕ್ಕೆ ಬಿಜೆಪಿ, ಜೂನಲ್ಲಿ ತಮ್ಲುಕ್‌ನಿಂದ ಎಂಪಿ. ಬಂಗಾಳದ ಶಿಕ್ಷಕರ ನೇಮಕಾತಿ ಹಗರಣದಲ್ಲಿ ಮೇಲಿಂದ ಮೇಲೆ ಸಿಬಿಐ ತನಿಖೆಗೆ ಆದೇಶ ಕೊಟ್ಟವರು ಇವರೇ, ತಮ್ಮ ಮುಂದಿದ್ದ ವಿಷಯದ ಬಗ್ಗೆ ಟಿವಿಗೆ ಸಂದರ್ಶನ ಕೊಟ್ಟಿದ್ದಕ್ಕೆ 2023ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನ ಬೇರೆಯವರಿಗೆ ಕೊಡಿ ಅಂದಿತ್ತು. ಆದ್ರೆ ಕತೆ ಅಲ್ಲಿಗೆ ಮುಗಿಯಲ್ಲ. 2025ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟ್ ಆ ನೇಮಕಾತಿ ಇಡೀ ಪ್ರಕ್ರಿಯೆಯೇ ಕೆಟ್ಟಿದೆ ಅಂತ ಸುಮಾರು 25,000 ನೇಮಕಗಳ ರದ್ದತಿಯನ್ನ ಎತ್ತಿಹಿಡೀತು. ಅಂದ್ರೆ ಹಗರಣ ನಿಜ, ಅದರ ಹಿಂದೆ ಬಿದ್ದ ಜಡ್ಜ್‌ನ ಅನುಮಾನವೂ ಸರಿಯೇ ಇತ್ತು! ಹಾಗಿದ್ರೂ ಆ ಎರಡು ದಿನದ ಅಂತರದಿಂದಾಗಿ, ಆಗ ಬಂಗಾಳ ಆಳ್ತಿದ್ದ ತೃಣಮೂಲದವರಿಗೆ, ನೋಡಿ ಇದೆಲ್ಲ ರಾಜಕೀಯ ಪಿತೂರಿ ಅಂತ ಹೇಳೋಕೆ ಪುಕ್ಕಟೆ ಅಸ್ತ್ರ ಸಿಕ್ತು. ಕಳ್ಳರಿಗೆ ಲಾಭ ಮಾಡಿಕೊಟ್ಟಿದ್ದು ಯಾರು ಹೇಳಿ. ತಪ್ಪು ತೀರ್ಪು ಕೊಟ್ಟು ಹುದ್ದೆ ತಗೊಂಡವರ ಬಗ್ಗೆ ಮಾತ್ರ ನಾವು ಯೋಚ್ನೆ ಮಾಡ್ತೀವಿ, ಸರಿಯಾದ ತೀರ್ಪು ಕೊಟ್ಟವರು ಅವಸರಪಟ್ರೆ ಆ ಸರಿಯಾದ ತೀರ್ಪೂ ಹಾಳಾಗುತ್ತೆ ಅನ್ನೋದನ್ನ ಯೋಚ್ನೆ ಮಾಡಲ್ಲ.

ಕಾನೂನು ಏನು ಹೇಳುತ್ತೆ? ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದವರು ದೇಶದ ಯಾವ ಕೋರ್ಟಲ್ಲೂ ಮತ್ತೆ ವಾದ ಮಾಡೋ ಹಾಗಿಲ್ಲ, 124(7)ನೇ ವಿಧಿ. ಹೈಕೋರ್ಟ್ ಜಡ್ಜ್‌ಗಳು ತಮ್ಮ ಹೈಕೋರ್ಟ್ ಬಿಟ್ಟು ಬೇರೆ ಹೈಕೋರ್ಟಲ್ಲಿ, ಸುಪ್ರೀಂ ಕೋರ್ಟಲ್ಲಿ ಮಾಡ್ಬಹುದು, 220ನೇ ವಿಧಿ. ಅಷ್ಟೇ. ರಾಜ್ಯಪಾಲ, ಎಂಪಿ, ಮಂತ್ರಿ, ರಾಯಭಾರಿ ಏನಾಗೋಕೂ ಅಡ್ಡಿ ಇಲ್ಲ. ಕರಿ ಕೋಟು ಹಾಕೋ ಹಾಗಿಲ್ಲ, ಖಾದಿ ಹಾಕ್ಬಹುದು! ಸಂವಿಧಾನ ರಚನಾ ಸಭೇಲಿ ಕೆ.ಟಿ. ಷಾ ಇದನ್ನ ತಡೀಬೇಕು ಅಂತ ಹಠ ಹಿಡಿದಿದ್ರು. ಅಂಬೇಡ್ಕರ್ ಒಪ್ಪಲಿಲ್ಲ, ಕೋರ್ಟಿಗೆ ಬರೋ ಕೇಸುಗಳು ಹೆಚ್ಚಾಗಿ ಜನ-ಜನರ ನಡುವಿನವು, ಅದರಲ್ಲಿ ಸರ್ಕಾರದ ಆಸಕ್ತಿ ಇರೋದೇ ಅಪರೂಪ, ಹಾಗಾಗಿ ಸರ್ಕಾರ ಜಡ್ಜ್ ಮೇಲೆ ಪ್ರಭಾವ ಬೀರೋ ಸಂದರ್ಭ ಕಮ್ಮಿ ಅನ್ನೋದು ಅವರ ವಾದ. 1949ಕ್ಕೆ ಅದು ಸರಿ ಇದ್ದಿರಬಹುದು. ಇವತ್ತು ನಮ್ಮ ಕೋರ್ಟುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕಕ್ಷಿದಾರ ಸರ್ಕಾರವೇ. ಅದು ಬೇಗನೇ ಗೊತ್ತಾಗಿತ್ತು ಕೂಡ, 1958ರಲ್ಲೇ ಎಂ.ಸಿ. ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ, ಜಡ್ಜ್‌ಗಳು ರಿಟೈರ್ ಆದ್ಮೇಲೆ ಸರ್ಕಾರಿ ಹುದ್ದೆ ತಗೊಳ್ಳೋದನ್ನ ನಿಷೇಧಿಸಿ ಅಂತ ಹೇಳಿತ್ತು. ವರದಿ ಇದೆ, ಜಾರಿ ಇಲ್ಲ.

ಜಡ್ಜ್‌ಗಳ ಕಡೆಯ ಮಾತೂ ಕೇಳ್ಬೇಕು. ಹೈಕೋರ್ಟಲ್ಲಿ 62ಕ್ಕೆ, ಸುಪ್ರೀಂ ಕೋರ್ಟಲ್ಲಿ 65ಕ್ಕೆ ನಿವೃತ್ತಿ, ಆ ವಯಸ್ಸಿನ ಸೀನಿಯರ್ ವಕೀಲರು ಒಂದು ದಿನದ ವಾದಕ್ಕೆ ತಗೊಳ್ಳೋ ಫೀಸಿಗೂ ಸುಪ್ರೀಂ ಕೋರ್ಟ್ ಜಡ್ಜ್‌ನ ವರ್ಷಕ್ಕೆ 15 ಲಕ್ಷದ ಮೂಲ ಪೆನ್ಷನ್ನಿಗೂ ಹೋಲಿಕೆಯೇ ಇಲ್ಲ. ಮೇಲಿಂದ ಪಾರ್ಲಿಮೆಂಟ್ ತಾನೇ ಮಾಡಿದ ಕಾನೂನುಗಳಲ್ಲಿ ನಿವೃತ್ತ ಜಡ್ಜೇ ಬೇಕು ಅಂತ ಬರೆದಿದೆ, ಹಸಿರು ನ್ಯಾಯಮಂಡಳಿ, ಮಾನವ ಹಕ್ಕು ಆಯೋಗ, ಟ್ರಿಬ್ಯುನಲ್ಲುಗಳು, ರಾಜ್ಯದಲ್ಲಿ ಲೋಕಾಯುಕ್ತ. ಎಲ್ಲರನ್ನೂ ಮನೇಲಿ ಕೂರಿಸಿದ್ರೆ ಇವಕ್ಕೆ ಜನ ಎಲ್ಲಿಂದ? ಹೆಗ್ಡೆಯವರ ಮಗ ಸಂತೋಷ್ ಹೆಗ್ಡೆ 2005ರಲ್ಲಿ ಸುಪ್ರೀಂ ಕೋರ್ಟಿಂದ ರಿಟೈರ್ ಆಗಿ 2006ರಲ್ಲಿ ಲೋಕಾಯುಕ್ತರಾದ್ರು, 2011ರ ಗಣಿ ವರದಿ ಬಂದ್ಮೇಲೆ ಮುಖ್ಯಮಂತ್ರಿ ಯಡಿಯೂರಪ್ಪ ಕುರ್ಚಿ ಬಿಡಬೇಕಾಯ್ತು. ಹುದ್ದೆ ಕೊಟ್ಟವರ ಋಣ ಅಂತ ಅಲ್ಲೇನೂ ಕಾಣ್ಲಿಲ್ಲ. ಹಾಗಾಗಿ ಎಲ್ಲಾ ಹುದ್ದೆಗೂ ಬೀಗ ಹಾಕಿ ಅನ್ನೋದು ಸರಿಯಲ್ಲ. ನ್ಯಾಯ ತೀರ್ಮಾನದ ಕೆಲಸ, ತನಿಖೆಯ ಕೆಲಸ ಬೇರೆ, ರಾಜ್ಯಪಾಲಗಿರಿ, ರಾಜ್ಯಸಭೆ, ಪಾರ್ಟಿ ಟಿಕೆಟ್ ಬೇರೆ. ಎರಡನೇದಕ್ಕೆ ಜಡ್ಜ್ ಆಗಿದ್ದ ಅನುಭವ ಬೇಕೇ ಬೇಕು ಅಂತಿಲ್ಲ, ಅಲ್ಲಿ ಅದು ಬರೀ ಬಹುಮಾನ.

ಮೂಡುಬಿದಿರೆ ಕಡೆಯವರೇ ಆದ ಸುಪ್ರೀಂ ಕೋರ್ಟ್ ಜಡ್ಜ್ ಅಬ್ದುಲ್ ನಜೀರ್ 2023ರ ಜನವರಿಯಲ್ಲಿ ರಿಟೈರ್ ಆಗಿ ಫೆಬ್ರವರಿಯಲ್ಲಿ ಆಂಧ್ರದ ರಾಜ್ಯಪಾಲರಾದಾಗ ಇದೇ ಪ್ರಶ್ನೆ ಎದ್ದಿದ್ದು. ಆಮೇಲೆ ಎರಡು ವರ್ಷದ ಕೂಲಿಂಗ್ ಆಫ್, ಅಂದ್ರೆ ಹುದ್ದೆ ತಗೊಳ್ಳೋ ಮೊದಲು ಕಾಯೋ ಅವಧಿ, ಬೇಕು ಅಂತ ವಕೀಲರ ಸಂಘವೊಂದು ಸುಪ್ರೀಂ ಕೋರ್ಟಿಗೇ ಹೋಯ್ತು, 2023ರ ಸೆಪ್ಟೆಂಬರಲ್ಲಿ ಅರ್ಜಿ ವಜಾ, ಅದು ಆಯಾ ಜಡ್ಜ್‌ನ ವಿವೇಚನೆಗೆ, ಇಲ್ಲಾಂದ್ರೆ ಶಾಸನ ಮಾಡೋರಿಗೆ ಬಿಟ್ಟಿದ್ದು ಅಂತ. ಐಎಎಸ್ ಅಧಿಕಾರಿ ಪ್ರೈವೇಟ್ ಕಂಪನಿ ಸೇರೋಕೆ ಒಂದು ವರ್ಷ ಕಾಯ್ಬೇಕು, ಇಲ್ಲಾ ಪರ್ಮಿಷನ್ ತಗೋಬೇಕು, ಜಡ್ಜ್‌ಗೆ ಆ ಒಂದು ವರ್ಷವೂ ಇಲ್ಲ. ಸುಪ್ರೀಂ ಕೋರ್ಟ್ ಜಡ್ಜ್‌ಗಳಾಗಿದ್ದ ಚೆಲಮೇಶ್ವರ್, ಕುರಿಯನ್ ಜೋಸೆಫ್ ಥರದವರು ಯಾವ ಸರ್ಕಾರಿ ಹುದ್ದೆಯೂ ಬೇಡ ಅಂತ ಮೊದಲೇ ಹೇಳಿ ಹೋದ್ರು. 2025ರ ಜೂನಲ್ಲಿ ಆಗಿನ ಸಿಜೆಐ ಬಿ.ಆರ್. ಗವಾಯಿ ಬ್ರಿಟನ್ನಿನ ಒಂದು ಸಭೇಲಿ ತಾವೂ ತಮ್ಮ ಹಲವು ಸಹೋದ್ಯೋಗಿಗಳೂ ಹುದ್ದೆ ತಗೊಳ್ಳಲ್ಲ ಅಂತ ಮಾತು ಕೊಟ್ಟಿದ್ದೀವಿ ಅಂದ್ರು, ರಾಜೀನಾಮೆ ಕೊಟ್ಟು ಚುನಾವಣೆಗೆ ನಿಲ್ಲೋದೂ ಅನುಮಾನಕ್ಕೆ ದಾರಿ ಅಂದ್ರು. ಒಳ್ಳೇ ಮಾತು, ಆದ್ರೆ ಮಾತು ಕೊಡದವರನ್ನ ಅದು ಕಟ್ಟಿಹಾಕಲ್ಲ.

ಹಾಗಾದ್ರೆ ಸಂವಿಧಾನದಲ್ಲೇ ಬರೆದುಬಿಡೋಣ ಅಂದ್ರೆ ಅದಕ್ಕೊಂದು ಮಾದರಿ ಈಗಾಗ್ಲೇ ಇದೆ. ಸಿಎಜಿ, ಅಂದ್ರೆ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಮಹಾಲೇಖಪಾಲ, ಆಗಿದ್ದವರು ಆಮೇಲೆ ಕೇಂದ್ರ, ರಾಜ್ಯ ಸರ್ಕಾರದ ಕೆಳಗೆ ಯಾವ ಹುದ್ದೆಯನ್ನೂ ಹಿಡಿಯೋ ಹಾಗಿಲ್ಲ ಅಂತ 148(4)ನೇ ವಿಧಿ ಹೇಳುತ್ತೆ. ಆದ್ರೆ ಬೋಫೋರ್ಸ್ ಫಿರಂಗಿ ಖರೀದಿ ವರದಿಯ ಕಾಲದ ಸಿಎಜಿ ಟಿ.ಎನ್. ಚತುರ್ವೇದಿ ಆಮೇಲೆ ಬಿಜೆಪಿಯ ರಾಜ್ಯಸಭಾ ಸದಸ್ಯರಾದ್ರು, 2002ರಿಂದ ನಮ್ಮ ರಾಜ್ಯದ್ದೇ ರಾಜ್ಯಪಾಲರಾದ್ರು. ಹೇಗೆ ಅಂದ್ರೆ, ರಾಜ್ಯಪಾಲರ ಹುದ್ದೆ ಸರ್ಕಾರದ ಕೆಳಗಿನ ನೌಕರಿ ಅಲ್ಲ ಅಂತ ಸುಪ್ರೀಂ ಕೋರ್ಟ್ 1979ರಲ್ಲಿ ತೀರ್ಪು ಕೊಟ್ಟಿದೆ, ಎಂಪಿ ಸೀಟು ಅಂತೂ ಮೊದಲೇ ಅಲ್ಲ. ಅದೇ ಸಾಲನ್ನ ಜಡ್ಜ್‌ಗಳಿಗೂ ಕಾಪಿ ಮಾಡಿದ್ರೆ ಯಾವ ಎರಡು ಬಾಗಿಲ ಬಗ್ಗೆ ಇಷ್ಟು ಹೊತ್ತು ಮಾತಾಡಿದ್ವೋ ಅವೆರಡೂ ತೆರೆದೇ ಇರ್ತವೆ. ರಾಜ್ಯಪಾಲ, ನಾಮನಿರ್ದೇಶನ, ಪಕ್ಷದ ಟಿಕೆಟ್ ಅಂತ ಒಂದೊಂದನ್ನೂ ಹೆಸರು ಹಿಡಿದು ಬರೀಬೇಕು, ಎರಡು ವರ್ಷ ಅಂತ ಲೆಕ್ಕ ಹಾಕ್ಬೇಕು, ರಾಜೀನಾಮೆ ಕೊಟ್ಟು ಹೋಗೋರಿಗೂ ಅದೇ ಲೆಕ್ಕ. ತಿದ್ದುಪಡಿಗೆ ಮೂರನೇ ಎರಡರಷ್ಟು ಓಟು ಬೇಕು, ಅದನ್ನ ಹಾಕ್ಬೇಕಾದವರು ಇಂಥ ಹುದ್ದೆ ಹಂಚೋ ಪಕ್ಷದವರೇ. ಬೇಡ, ಜಡ್ಜ್‌ಗಳ ಸಂಬಳ-ಸೇವಾ ಷರತ್ತಿನ ಕಾಯ್ದೆಗೇ ಕೈ ಹಾಕಿ, ಎರಡು ವರ್ಷದೊಳಗೆ ಹುದ್ದೆ ತಗೊಂಡ್ರೆ ಪೆನ್ಷನ್ ಇಲ್ಲ ಅನ್ನೋಣ, ಅದಕ್ಕೆ ಸಾದಾ ಬಹುಮತ ಸಾಕು. ಅಲ್ಲೂ ಒಂದು ತೊಡಕಿದೆ, ನೇಮಕ ಆದ್ಮೇಲೆ ಜಡ್ಜ್‌ನ ಪೆನ್ಷನ್ ಹಕ್ಕನ್ನ ಅವರಿಗೆ ನಷ್ಟ ಆಗೋ ಹಾಗೆ ಬದಲಾಯಿಸೋ ಹಾಗಿಲ್ಲ ಅಂತ 125 ಮತ್ತು 221ನೇ ವಿಧಿಗಳಲ್ಲಿದೆ. ಹಾಗಾಗಿ ಆ ಕಾನೂನು ಇವತ್ತೇ ಪಾಸ್ ಆದ್ರೂ ಈಗ ಬೆಂಚಲ್ಲಿ ಕೂತಿರೋರಿಗೆ ತಾಗಲ್ಲ, ಇನ್ಮುಂದೆ ನೇಮಕ ಆಗೋರಿಗೆ ಮಾತ್ರ, ಅವರಲ್ಲಿ ಹೆಚ್ಚಿನವರು ರಿಟೈರ್ ಆಗೋಕೆ ಇನ್ನೂ ಹತ್ತು-ಹನ್ನೆರಡು ವರ್ಷ ಬೇಕು.